ವೈದ್ಯನ ಮನೆಯ ಕಳವು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮಾಡದ ತಪ್ಪನ್ನು ನಮ್ಮ ಮೇಲೆ ಹೊರಿಸಿದವರಿಗೆ ಸತ್ಯವನ್ನು ಮನಗಾಣಿಸುವುದು ಹೇಗೆ?"

"ಹೊರಿಸಿದವರು ಯಾರು?" ಎಂದರು ಗುರುಗಳು.

"ನನ್ನ ತಾಯಿ. ಈ ಸಲ ಊರಿಗೆ ಹೋದಾಗ ನಾಲ್ಕು ಜನರೆದುರು ನನ್ನನ್ನು ಕಳ್ಳ ಅಂದಳು. ಆಣೆ ಇಟ್ಟೆ, ನನ್ನ ನಡತೆಗೆ ಸಾಕ್ಷಿ ಕರೆಸಿದೆ. ಅವಳು ನಂಬಲಿಲ್ಲ. ವಯಸ್ಸಾಗಿದೆ, ನಿಜ. ಆದರೆ ಬೀಸುವ ಕಲ್ಲಿನ ಪದಗಳೆಲ್ಲ ಒಂದು ನುಡಿ ತಪ್ಪದೆ ಬಾಯಲ್ಲಿವೆ. ಅಷ್ಟು ನೆನಪಿರುವವಳು ಮಗ ಎಂಥವನೆಂಬುದನ್ನು ಮರೆಯುತ್ತಾಳೆಯೇ? ಬೇಕೆಂದೇ ಅನ್ನುತ್ತಾಳೆ ಅನಿಸುತ್ತದೆ."

ಗುರುಗಳು ಈ ಕತೆ ಹೇಳಿದರು.

ಹೊಳೆಯ ದಂಡೆಯ ಊರಿನಲ್ಲಿ ಒಬ್ಬ ನಾಟಿ ವೈದ್ಯನಿದ್ದ. ಅವನ ಮನೆಯ ಪಡಸಾಲೆಯಲ್ಲಿ ಮೂವತ್ತೆರಡು ಡಬ್ಬಿಗಳಿದ್ದವು. ಎಲ್ಲವೂ ಒಂದೇ ಅಳತೆಯವು, ಒಂದೇ ಬಣ್ಣದವು. ಯಾವುದರ ಮೇಲೂ ಹೆಸರಿರಲಿಲ್ಲ. ವೈದ್ಯ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದ, ಪುಡಿಯನ್ನು ಕಾಗದಕ್ಕೆ ಸುರಿದು ಕಟ್ಟಿಕೊಡುತ್ತಿದ್ದ. ಐವತ್ತು ವರ್ಷ ಅವನ ಮೂಗು ತಪ್ಪಿರಲಿಲ್ಲ.

ಬಸಲಿಂಗವ್ವ ಅವನ ಸೊಸೆ. ಮದುವೆಯಾಗಿ ಬಂದ ವರ್ಷವೇ ಅತ್ತೆ ತೀರಿಕೊಂಡಳು. ಅಂದಿನಿಂದ ಬೇರು ತೊಳೆಯುವುದು, ಒಣಗಿಸುವುದು, ಕುಟ್ಟುವುದು, ಜರಡಿ ಹಿಡಿಯುವುದು ಎಲ್ಲ ಅವಳದೇ ಕೆಲಸವಾಯಿತು. ಹೀಗೆ ಹದಿನಾರು ವರ್ಷ. ಮಾವ ಅವಳಿಗೆ ಬಾಯಿಬಿಟ್ಟು ಏನನ್ನೂ ಕಲಿಸಲಿಲ್ಲ. ಡಬ್ಬಿಯನ್ನು ಅವಳ ಮೂಗಿನ ಹತ್ತಿರ ಹಿಡಿದು, "ಏನಿದು, ಹೇಳು" ಅನ್ನುತ್ತಿದ್ದ. ಅವಳು ಹೇಳುತ್ತಿದ್ದಳು. ಸರಿಯಾದರೆ ಒಂದು ಸಲ ತಲೆ ಆಡಿಸುತ್ತಿದ್ದ. ಮಗನಿಗೆ ಈ ವಿದ್ಯೆ ಹತ್ತಲಿಲ್ಲ. ಅವನು ವಾರಕ್ಕೆ ನಾಲ್ಕು ಸಂತೆ ತಿರುಗಿ ಸಿದ್ಧ ಉಡುಪು ಮಾರುತ್ತಿದ್ದ.

ಒಂದು ಬೆಳಿಗ್ಗೆ ವೈದ್ಯ ಓಂಕಾಳಿನ ಪುಡಿಯ ಡಬ್ಬಿಯನ್ನು ಎರಡು ಸಲ ಮೂಸಿ ನೋಡಿದ. ಸೊಸೆಯನ್ನು ಕರೆದ.

"ಏನಿದು, ಹೇಳು."

"ಅಜವಾನರಿ, ಮಾವಾರ."

"ಇದಕ್ಕ ವಾಸನೀನ ಇಲ್ಲ."

"ನಿಮಗ ನೆಗಡಿ ಆಗಿರಬೇಕ್ರಿ."

ವೈದ್ಯ ಅವಳ ಮುಖವನ್ನೇ ನೋಡಿದ. ಹದಿನಾರು ವರ್ಷದಲ್ಲಿ ಅವನು ಹಾಗೆ ನೋಡಿರಲಿಲ್ಲ. ಡಬ್ಬಿಯನ್ನು ತಿರುಗಿ ಇಟ್ಟ.

ಎಂಟು ದಿನ ಕಳೆದ ಮೇಲೆ ಅವನು ಐದು ಡಬ್ಬಿ ಪುಡಿಯನ್ನು ಹಿತ್ತಲಲ್ಲಿ ಸುರಿದ. ಬಸಲಿಂಗವ್ವ ಓಡಿ ಬಂದಳು. ಒಂದು ತಿಂಗಳ ಕೆಲಸ ಮಣ್ಣು ಪಾಲಾಗಿತ್ತು.

"ಯಾರೋ ಔಷಧ ತಗದು ಬೂದಿ ತುಂಬ್ಯಾರ" ಅಂದ ವೈದ್ಯ.

"ಯಾರ ತುಂಬತಾರ್ರಿ? ಮೊನ್ನೆ ನಾನ ಕುಟ್ಟಿ ಇಟ್ಟೀನಿ."

"ಅದನ್ನ ನಾನೂ ಕೇಳಾಕತ್ತೀನಿ" ಅಂದ ಅವನು. "ಈ ಮನ್ಯಾಗ ಹೊರಗಿಂದ ಬಂದಾಕಿ ನೀನೊಬ್ಬಾಕಿ."

ಆ ಮಾತು ಬಸಲಿಂಗವ್ವನ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು. ಅವಳು ಗಂಡನಿಗೆ ಹೇಳಲಿಲ್ಲ. ಮುದುಕರು, ಏನೋ ಅಂದರು, ನಾಳೆ ಸರಿಹೋಗುತ್ತದೆ ಎಂದುಕೊಂಡಳು.

ನಾಳೆ ಸರಿಹೋಗಲಿಲ್ಲ. ವೈದ್ಯ ಪಡಸಾಲೆಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಅಷ್ಟಾದರೂ ಡಬ್ಬಿಗಳು ಕಡಿಮೆಯಾಗತೊಡಗಿದವು. ಮೂವತ್ತೆರಡು ಇದ್ದದ್ದು ಇಪ್ಪತ್ತೊಂಬತ್ತಾಯಿತು. ಆಮೇಲೆ ಇಪ್ಪತ್ತಾರು, ಹೀಗೆ ಇಳಿಯುತ್ತಲೇ ಹೋಯಿತು. ಬೀಗ ಬೀಗದ ಜಾಗದಲ್ಲಿತ್ತು, ಕೀಲಿ ಸೊಂಟದಲ್ಲಿತ್ತು, ಡಬ್ಬಿ ಇರಲಿಲ್ಲ. ವೈದ್ಯನಿಗೆ ಇನ್ನೇನು ಬೇಕು? ಇದು ಮನೆಯವರ ಕೈವಾಡ ಅನ್ನುವುದು ಅವನ ಪಾಲಿಗೆ ಖಾತ್ರಿಯಾಯಿತು.

ಅವನು ಬಂದವರ ಮುಂದೆಲ್ಲ ಹೇಳಿದ. ಬಂದವರು ಪುಡಿ ಕಟ್ಟಿಸಿಕೊಂಡು ಹೋಗುವಾಗ ಅಡುಗೆಮನೆಯ ಕಡೆ ಒಮ್ಮೆ ನೋಡಿ ಹೋದರು. ನಲ್ಲಿಯ ಹತ್ತಿರ ಹೆಂಗಸರು ಅವಳು ಬಂದ ಕೂಡಲೇ ಮಾತು ನಿಲ್ಲಿಸಿದರು. ಒಂದು ದಿನ ಬಸಲಿಂಗವ್ವ ತಾನಾಗಿಯೇ, "ನಾ ಏನೂ ಮುಟ್ಟಿಲ್ರವ್ವಾ" ಅಂದಳು. ಒಬ್ಬಳು ಇನ್ನೊಬ್ಬಳ ಕಡೆ ತಿರುಗಿ, "ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡರಂತ" ಅಂದಳು. ಅಂದಿನಿಂದ ಅವಳು ನಲ್ಲಿಗೆ ಎಲ್ಲರೂ ಹೋದ ಮೇಲೆ ಹೋಗತೊಡಗಿದಳು. ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಕಂಡದ್ದು ಇನ್ನೊಂದು ಅನುಮಾನಕ್ಕೆ ಕಾರಣವಾಯಿತು. ಪಕ್ಕದೂರಿನ ಪಂಡಿತನಿಗೆ ಔಷಧ ಸಾಗಿಸುತ್ತಾಳಂತೆ ಎಂಬ ಗಾಳಿಮಾತು ಎದ್ದಿತು.

ಅನುಮಾನ ಒಂದೇ ಕಡೆ ನಿಲ್ಲುವ ಪದಾರ್ಥವಲ್ಲ. ಬಸಲಿಂಗವ್ವನೊಳಗೂ ಅದು ಬೇರುಬಿಟ್ಟಿತು. ಅವಳು ಮಾವನನ್ನು ಕಾಯತೊಡಗಿದಳು. ರೋಗಿಗಳು ಬಂದರೆ ಅವನು ನೆಟ್ಟಗೆ ಕೂರುತ್ತಿದ್ದ. ಅವರ ಅಜ್ಜನ ಹೆಸರು ಹಿಡಿದು ಮಾತಾಡಿಸುತ್ತಿದ್ದ, ನಗಿಸುತ್ತಿದ್ದ. ಅವರು ಹೊಸಿಲು ದಾಟಿದ ಕೂಡಲೇ ಮುಖ ಬಾಡುತ್ತಿತ್ತು. ಬೆಳಿಗ್ಗೆ ರೊಟ್ಟಿ ತಿಂದವನು ಇನ್ನೂ ತಿಂದಿಲ್ಲ ಅನ್ನುತ್ತಿದ್ದ. ಪರರ ಮುಂದೆ ಇಲ್ಲದ ಮರೆವು ನನ್ನ ಮುಂದೆ ಮಾತ್ರ ಎಲ್ಲಿಂದ ಬರುತ್ತದೆ, ಎಂದು ಅವಳು ಯೋಚಿಸಿದಳು. ಇದು ನಾಟಕ. ಯುಗಾದಿಗೆ ನಾದಿನಿ ಬಂದು ನಾಲ್ಕು ದಿನ ಇದ್ದು ಹೋಗಿದ್ದಳು. ಅಪ್ಪ ಮಗಳು ಪಡಸಾಲೆಯಲ್ಲಿ ಕೂತು ಏನೋ ಮಾತಾಡಿದ್ದರು. ನನ್ನನ್ನು ಓಡಿಸಿ ಈ ವಿದ್ಯೆಯನ್ನು ಮಗಳ ಮನೆಗೆ ಕೊಡುವ ಹಂಚಿಕೆ ಅಂದೇ ಆಗಿದೆ. ಹೀಗೆ ಒಂದಕ್ಕೊಂದು ಹೆಣೆದು ನೋಡಿದಳು. ಎಲ್ಲವೂ ಕೂಡಿಕೊಂಡಿತು. ಅನುಮಾನದ ಲೆಕ್ಕದಲ್ಲಿ ಎಲ್ಲವೂ ಯಾವಾಗಲೂ ಕೂಡಿಕೊಳ್ಳುತ್ತದೆ.

ಒಂದು ಸೋಮವಾರ ಒಬ್ಬ ತಾಯಿ ಹೊಟ್ಟೆನೋವಿನ ಕೂಸನ್ನು ಎತ್ತಿಕೊಂಡು ಬಂದಳು. ಮೂರು ವರ್ಷದ ಹೆಣ್ಣು ಕೂಸು. ವೈದ್ಯ ಒಂದು ಡಬ್ಬಿ ತೆಗೆದ, ಮೂಸಿದ, ಪುಡಿಯನ್ನು ಕಾಗದಕ್ಕೆ ಸುರಿದ. ಬಸಲಿಂಗವ್ವ ಕೂಸಿಗೆ ನೀರು ತಂದವಳು ಬಾಗಿಲಲ್ಲೇ ನಿಂತಳು. ಕಾಗದದ ಮೇಲೆ ಎಣ್ಣೆ ಇಳಿಯುತ್ತಿತ್ತು. ಹೊಟ್ಟೆನೋವಿಗೆ ಕೊಡುವ ಅಜವಾನದ ಪುಡಿ ಕಾಗದಕ್ಕೆ ಹಾಗೆ ಎಣ್ಣೆ ಬಿಡುವುದಿಲ್ಲ. ಅದು ಜಾಪಾಳದ ಬೀಜ. ದೊಡ್ಡವರಿಗೇ ಚಿಟಿಕೆ ಹೆಚ್ಚಾದರೆ ಕರುಳು ಕಿತ್ತು ಬರುವಂತೆ ಭೇದಿಯಾಗುತ್ತದೆ.

ಅವಳು ನೀರಿನ ತಂಬಿಗೆ ಬಿಟ್ಟು ಓಡಿದಳು. ಕಾಗದವನ್ನು ತಾಯಿಯ ಕೈಯಿಂದ ಕಸಿದಳು.

"ಕೊಡಬ್ಯಾಡ್ರಿ! ಇದು ಜಾಪಾಳ, ಕೂಸು ಸಾಯತದ!"

ವೈದ್ಯ ಎದ್ದು ನಿಂತ. ಅವನ ಮುಖ ಬೆಳ್ಳಗಾಗಿತ್ತು. ಆದರೆ ಮಾತು ತಡವರಿಸಲಿಲ್ಲ.

"ಕೇಳಿದ್ರ್ಯಾ? ಡಬ್ಬ್ಯಾಗ ಏನೈತಿ ಅಂತ ದೂರದಿಂದನ ಹೇಳತಾಳ. ತುಂಬಿದಾಕಿಗೆ ಗೊತ್ತಿರೂದಿಲ್ಲೇನು?"

ತಾಯಿ ಕೂಸನ್ನು ಎದೆಗವಚಿಕೊಂಡಳು. ಬಸಲಿಂಗವ್ವನ ಕಾಲ ಹತ್ತಿರ ಉಗುಳಿ ಹೊರಟುಹೋದಳು.

ಸಂಜೆಯೊಳಗೆ ಊರೆಲ್ಲ ಸುದ್ದಿಯಾಯಿತು. ಹಿರಿಯರು ಇಬ್ಬರು ಬಂದು ಮಗನನ್ನು ಹೊರಗೆ ಕರೆದು ಮಾತಾಡಿದರು. ಗಂಡ ಒಳಗೆ ಬಂದು ಅವಳ ಎದುರು ಕೂತ.

"ಖರೇ ಹೇಳು. ನೀ ಏನರ ಮಾಡೀಯೇನು? ಹೇಳಿದ್ರ ನಾ ಸಿಟ್ಟಾಗಂಗಿಲ್ಲ."

ಬಸಲಿಂಗವ್ವ ಅವನನ್ನು ನೋಡಿದಳು. "ಹದಿನಾರು ವರ್ಷದ ಮ್ಯಾಲೆ ಇದನ್ನ ಕೇಳಾಕ ಬಾಯಿ ಬಂತೇನ್ರಿ ನಿಮಗ?"

"ನಿಮ್ಮವ್ವನ ಮನಿಗೆ ಹೋಗಿ ಸ್ವಲ್ಪ ದಿನ ಇದ್ದು ಬಾ. ಜನ ಮರೀಲಿ."

"ಹೋದ್ರ ನಾ ಕಳ್ಳಿ ಅಂತ ಆಗತದ. ಮೂರು ದಿನ ಸಂತಿಗೆ ಹೋಗಬ್ಯಾಡ್ರಿ. ಮನ್ಯಾಗ ಕೂತು ನೋಡ್ರಿ. ಆಮ್ಯಾಲೆ ನೀವ ಬಸ್ಸು ಹತ್ತಿಸ್ರಿ."

ಗಂಡ ಒಪ್ಪಿದ. ಪಡಸಾಲೆಗೂ ದನದ ಕೊಟ್ಟಿಗೆಗೂ ನಡುವಿನ ಗೋಡೆಯಲ್ಲಿ ಆಚೆ ಕಾಣುವ ಒಂದು ಕಿಂಡಿ ಇತ್ತು. ಗಂಡ ಹೆಂಡತಿ ಅದರ ಹಿಂದೆ ಕೂತು ಕಾದರು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ವೈದ್ಯ ಪಡಸಾಲೆಯ ಬಾಗಿಲು ಓರೆ ಮಾಡಿದ. ಆಚೆ ಈಚೆ ನೋಡಿದ. ಎರಡು ಡಬ್ಬಿಗಳನ್ನು ಎತ್ತಿಕೊಂಡ. ಒಂದರ ಪುಡಿಯನ್ನು ಇನ್ನೊಂದಕ್ಕೆ ಸುರಿದು ಮೂಸಿದ. ಖಾಲಿಯಾದದ್ದನ್ನು ದೋತರದಲ್ಲಿ ಮುಚ್ಚಿಕೊಂಡು, ಇಬ್ಬರೂ ಕೊಟ್ಟಿಗೆಯ ಬಾಗಿಲಿಂದ ನೋಡುತ್ತಿರುವಾಗಲೇ, ಹಿತ್ತಲಿಗೆ ಹೋಗಿ ಹೊಟ್ಟಿನ ರಾಶಿಯೊಳಗೆ ತೋಳು ಮುಳುಗುವಷ್ಟು ಆಳಕ್ಕೆ ಹುಗಿದ. "ಇಲ್ಲಿದ್ರ ಆಕಿಗೆ ಸಿಗೂದಿಲ್ಲ" ಎಂದು ತನ್ನಷ್ಟಕ್ಕೆ ಅಂದುಕೊಂಡ.

ಮಗ ಎದ್ದ. ಬಸಲಿಂಗವ್ವ ಅವನನ್ನು ತಡೆಯಬಹುದಿತ್ತು. ತಡೆಯಲಿಲ್ಲ. ಅವನು ಹಿರಿಯರನ್ನು ಕರೆತಂದ, ನೆರೆಯವರನ್ನೂ ಕರೆದ. ಎಲ್ಲರ ಎದುರು ಹೊಟ್ಟಿನ ರಾಶಿ ಕೆದರಿಸಿದ. ಆರು ಡಬ್ಬಿಗಳು ಹೊರಬಂದವು. ಕಣಜದಲ್ಲಿ ಎರಡು ಸಿಕ್ಕವು, ದೇವರ ಜಗಲಿಯ ಹಿಂದೆ ಒಂದು.

"ನೋಡ್ರಿ ಅಪ್ಪಾ. ನೀವ ಇಟ್ಟೀರಿ. ನನ್ನ ಕಣ್ಣಾರೆ ಕಂಡೀನಿ" ಅಂದ ಮಗ, ಒಂದು ಡಬ್ಬಿಯನ್ನು ಅಪ್ಪನ ಕೈಗೆ ತುರುಕಿ.

ವೈದ್ಯ ಡಬ್ಬಿಯನ್ನು ನೋಡಿದ. ಜನರನ್ನು ನೋಡಿದ.

"ನಾ ಇಟ್ಟೆನೇನು?" ಅಂದ. "ಹಂಗಾರ ನನಗ ಯಾಕ ಗೊತ್ತಿಲ್ಲ?"

ವೈದ್ಯ ನಿಂತಲ್ಲೇ ಕೂತ. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಸಣ್ಣ ದನಿಯಲ್ಲಿ ಅಳತೊಡಗಿದ.

ಜನ ಚದುರಿದರು. ಹಿರಿಯನೊಬ್ಬ ಬಸಲಿಂಗವ್ವನಿಗೆ, "ತಪ್ಪಾತವ್ವ" ಅಂದ. ನಲ್ಲಿಯ ಹೆಂಗಸರು ಮನೆಗೇ ಬಂದು ಅರಿಸಿನ ಕುಂಕುಮ ಕೊಟ್ಟು ಹೋದರು. ಗಂಡ ಅವಳ ಮುಖ ನೋಡಲಾರದೆ ಎರಡು ದಿನ ಓಡಾಡಿದ. ಅವಳು ಗೆದ್ದಿದ್ದಳು. ಎಷ್ಟೋ ತಿಂಗಳ ಮೇಲೆ ತಲೆ ಎತ್ತಿ ಬೀದಿಯಲ್ಲಿ ನಡೆದಳು.

ವೈದ್ಯ ಆ ಎರಡು ದಿನ ಊಟ ಮಾಡಲಿಲ್ಲ. ಮಗನ ಹೆಜ್ಜೆಯ ಸಪ್ಪಳ ಕೇಳಿದರೆ ಮೂಲೆಗೆ ಸರಿದು ಕೂರುತ್ತಿದ್ದ.

ಮೂರನೆಯ ಬೆಳಿಗ್ಗೆ ಬಸಲಿಂಗವ್ವ ಗಂಜಿ ಒಯ್ದಳು. ವೈದ್ಯ ಅವಳನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದ:

"ನನ್ನ ಔಷಧ ಕಳವಾಗ್ಯಾವು. ಈ ಮನ್ಯಾಗ ಯಾರೋ ಬೂದಿ ತುಂಬಾಕತ್ತಾರ."

ಹೊಟ್ಟಿನ ರಾಶಿ, ಹಿರಿಯರು, ಸಿಕ್ಕ ಡಬ್ಬಿಗಳು, ಯಾವುದೂ ಅವನಲ್ಲಿ ಉಳಿದಿರಲಿಲ್ಲ. ಮಗನನ್ನು ಕಂಡರೆ ನಡುಗುವ ಅಂಜಿಕೆ ಉಳಿದಿತ್ತು, ಅದು ಏಕೆ ಬಂತೆಂಬುದು ಹೋಗಿತ್ತು. ಇಷ್ಟು ದೊಡ್ಡ ಸಾಕ್ಷಿ ಮೂರು ದಿನಕ್ಕೂ ಬಾಳಲಿಲ್ಲ. ಅವಳ ಸಿಟ್ಟು ನೆತ್ತಿಗೇರಿತು. ಮತ್ತೆ ಊರು ಕೂಡಿಸಬೇಕೆ? ದಿನವೂ ಕೂಡಿಸಬೇಕೆ? ನೀವೇ ಕಳ್ಳರು ಎಂದು ಹೇಳಿಬಿಡಲು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಅವನು ಮಡಿಲಿನಿಂದ ಒಂದು ಉಂಡೆ ತೆಗೆದ. ಹಸಿ ಇಂಗು. ಅದರ ಘಾಟಿಗೆ ಪಕ್ಕದಲ್ಲಿ ನಿಂತಿದ್ದ ಅವಳ ಕಣ್ಣಲ್ಲಿ ನೀರು ಬಂತು. ವೈದ್ಯ ಅದನ್ನು ಮೂಗಿಗೆ ಒತ್ತಿಕೊಂಡು ಆಳವಾಗಿ ಉಸಿರೆಳೆದ. ಮತ್ತೆ ಎಳೆದ. ಕಣ್ಣು ಮಿಟುಕಲಿಲ್ಲ.

"ನೋಡವ್ವಾ" ಅಂದ. "ಬೂದಿ."

ಬಸಲಿಂಗವ್ವ ಗಂಜಿಯನ್ನು ಕೆಳಗಿಟ್ಟಳು. ನಾದಿನಿಯ ಹಂಚಿಕೆ, ಮಾವನ ನಾಟಕ, ತಾನು ಹೆಣೆದಿದ್ದೆಲ್ಲ ಆ ಕ್ಷಣದಲ್ಲಿ ಬಿಚ್ಚಿಹೋಯಿತು. ಇಂಗಿನ ವಾಸನೆ ತಿಳಿಯದವನಿಗೆ ಅಜವಾನ ಯಾವುದು, ಜಾಪಾಳ ಯಾವುದು? ಅವನು ಸುಳ್ಳು ಹೇಳಿರಲಿಲ್ಲ. ಅವನ ಪಾಲಿಗೆ ಮೂವತ್ತೆರಡು ಡಬ್ಬಿಗಳಲ್ಲೂ ಬೂದಿಯೇ ಇತ್ತು. ಐವತ್ತು ವರ್ಷ ಕೂಡಿಟ್ಟದ್ದು ಕಣ್ಣೆದುರೇ ಬೂದಿಯಾಗುತ್ತಿರುವಾಗ ಕಳ್ಳರು ಬಂದಿದ್ದಾರೆ ಅನ್ನದೆ ಅವನು ಇನ್ನೇನು ಅನ್ನಬೇಕಿತ್ತು?

"ಹೌದ್ರಿ ಮಾವಾರ" ಅಂದಳು. "ಕಳವಾಗ್ಯಾವು. ನಡೀರಿ, ಹುಡುಕೋಣು."

ವೈದ್ಯ ಅವಳ ಕಡೆ ನೋಡಿದ. ನಂಬಲೋ ಬೇಡವೋ ಎಂದು ಅಳೆಯುವ ನೋಟ. ಆಮೇಲೆ ಕೈ ಚಾಚಿದ. ಅವಳು ಹಿಡಿದು ಎಬ್ಬಿಸಿದಳು. ಇಬ್ಬರೂ ಕಣಜ ನೋಡಿದರು. ಹೊಟ್ಟಿನ ರಾಶಿ ನೋಡಿದರು. ಕೊಟ್ಟಿಗೆಯಲ್ಲಿ ದನ ಮೇಯುವ ಗೋದಲಿಯ ಕೆಳಗೆ ಬಗ್ಗಿ ನೋಡಿದರು. ಹುಡುಕುತ್ತ ಅವನು ತನ್ನ ಗುರುವಿನ ಮಾತು ಹೇಳಿದ, ಯಾವ ಗುಡ್ಡದಲ್ಲಿ ಯಾವ ಬೇರು ಸಿಗುತ್ತದೆ ಅನ್ನುವುದನ್ನು ಹೇಳಿದ. ಹದಿನಾರು ವರ್ಷದಲ್ಲಿ ಬಾಯಿಬಿಟ್ಟು ಹೇಳದೇ ಇದ್ದದ್ದನ್ನು ಆ ಬೆಳಿಗ್ಗೆ ಹೇಳಿದ. ಕಡೆಗೆ ಕಟ್ಟಿಗೆಯ ಸಂದಿಯಲ್ಲಿ ಒಂದು ಡಬ್ಬಿ ಸಿಕ್ಕಿತು. ಅದು ಖಾಲಿಯಾಗಿತ್ತು. ಆದರೂ ಅವನ ಮುಖ ಅರಳಿತು.

"ನೀ ಬಲು ಚಲೋ ಹುಡುಕತಿ. ಯಾರ ಮಗಳವ್ವ ನೀನು?"

"ಇದ ಮನ್ಯಾಕಿರಿ" ಅಂದಳು.

"ಹಂಗಾರ ಚಲೋ ಆತು" ಅಂದ ವೈದ್ಯ. ಅಂದು ಅವನು ಎರಡು ರೊಟ್ಟಿ ತಿಂದ.

ಅದೇ ವಾರ ಅವಳು ಜಾಪಾಳ, ಬಚನಾಗದಂಥ ಕೇಡಿನ ಔಷಧಗಳನ್ನೆಲ್ಲ ಆಳವಾಗಿ ಗುಂಡಿ ತೋಡಿ ಹೂಳಿದಳು. ಉಳಿದ ಡಬ್ಬಿಗಳಿಗೆ ಜೀರಿಗೆ, ಕೊತ್ತಂಬರಿ, ಸೋಂಪು ತುಂಬಿದಳು. ಔಷಧಕ್ಕೆ ಬಂದವರಿಗೆ ಬಾಗಿಲಲ್ಲೇ, "ಮಾವಾರಿಗೆ ಮರೆವಿನ ಜಡ್ಡು. ಕೂತು ಮಾತಾಡಿಸಿ ಹೋಗ್ರಿ, ಔಷಧ ಕೇಳಬ್ಯಾಡ್ರಿ" ಎಂದಳು. ಪಟ್ಟಣದ ದೊಡ್ಡ ಡಾಕ್ಟರಿಗೂ ತೋರಿಸಿದರು. ಮಿದುಳು ಸವೆಯುತ್ತ ಬಂದಿದೆ, ವಾಸನೆ ಹೋದದ್ದೂ ಅದರಿಂದಲೇ ಇರಬೇಕು, ಹೋದದ್ದನ್ನು ಮರಳಿ ತರುವ ಮದ್ದಿಲ್ಲ, ಇದು ಯಾರ ತಪ್ಪೂ ಅಲ್ಲ, ಎಂದರು ಡಾಕ್ಟರು. ಹಳೆಯ ಸಂಗತಿ ನೆನಪಿದ್ದು ಇಂದಿನದು ಮರೆಯುವುದೂ, ಪರರ ಮುಂದೆ ಒಂದು ಗಳಿಗೆ ಸಾವರಿಸಿಕೊಳ್ಳುವುದೂ ಈ ರೋಗದ ರೀತಿಯೇ ಎಂದರು.

ಗಂಡನಿಗೆ ಇದು ಬೇಗ ಅರ್ಥವಾಗಲಿಲ್ಲ. ಅವನು ಅಪ್ಪನನ್ನು ತಿದ್ದುತ್ತಲೇ ಇದ್ದ. "ಅದು ಕಳವಾಗಿಲ್ಲರಿ ಅಪ್ಪಾ, ನೀವ ಇಟ್ಟೀರಿ" ಅನ್ನುತ್ತಿದ್ದ. ಅಂದಾಗಲೆಲ್ಲ ವೈದ್ಯ ಮೂಲೆಗೆ ಸರಿಯುತ್ತಿದ್ದ, ಆ ದಿನ ಊಟ ಕಡಿಮೆಯಾಗುತ್ತಿತ್ತು. ವರ್ಷ ಕಳೆದ ಮೇಲೆ ಒಂದು ದಿನ ಅವನು ಸಂತೆಯಿಂದ ಬಂದು, ಗಂಟು ಇಳಿಸಿ, ಏನೂ ಅನ್ನದೆ ಅಪ್ಪನ ಜೊತೆ ಗೋದಲಿಯ ಕೆಳಗೆ ಬಗ್ಗಿದ.

ಊರಿನ ಅನುಮಾನವೂ ಪೂರ್ತಿ ಹೋಗಲಿಲ್ಲ. ಸೊಸೆಯೇ ಮುದುಕನಿಗೆ ಏನೋ ಹಾಕಿ ಹೀಗೆ ಮಾಡಿದಳು ಅನ್ನುವವರು ಇದ್ದೇ ಇದ್ದರು. ಕೂಸಿನ ತಾಯಿ ಎದುರಾದರೆ ದಾರಿ ಬದಲಿಸುತ್ತಿದ್ದಳು. ವೈದ್ಯ ಇನ್ನೂ ನಾಲ್ಕು ವರ್ಷ ಬದುಕಿದ. ಎಷ್ಟೋ ದಿನ ಸೊಸೆಯನ್ನು ಮತ್ತೆ ಕಳ್ಳಿ ಅಂದ. ಅಂದ ದಿನ ಅವಳು ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು, "ನಡೀರಿ ಮಾವಾರ, ಹುಡುಕೋಣು" ಅನ್ನುತ್ತಿದ್ದಳು. ಅವನು ಎದ್ದು ಬರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಅವಳು ನಿರಪರಾಧಿ ಎಂದು ಆ ಮುದುಕನಿಗೆ ಕಡೆಗೂ ತಿಳಿಯಲಿಲ್ಲವೇ?"

"ಇಲ್ಲ" ಎಂದರು ಗುರುಗಳು.

"ಇದು ಅನ್ಯಾಯವಲ್ಲವೇ ಗುರುಗಳೇ? ನನ್ನ ತಾಯಿಯೂ ಹಾಗೆಯೇ ಹೋಗಿಬಿಟ್ಟರೆ, ನಾನು ಕಳ್ಳನಲ್ಲ ಎಂದು ಅವಳಿಗೆ ಹೇಳುವವರು ಯಾರು?"

ಗುರುಗಳು ಅವನ ಕಡೆ ತಿರುಗಿ ಕೇಳಿದರು:

"ನಿನ್ನ ತಾಯಿ ಏನನ್ನು ಹುಡುಕುತ್ತಿದ್ದಾಳೆ?"

ಏನು ಕಳೆದಿದೆ ಎಂದು ಶಿಷ್ಯ ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.